ಮುಯ್ಯಿಯ ಪುಸ್ತಕದಲ್ಲಿಲ್ಲದ ಹೆಸರು

ಹಳೆಯ ಮನೆಗಳ ಪೆಟ್ಟಿಗೆಯ ತಳದಲ್ಲಿ ಆಸ್ತಿಪತ್ರ, ಜಾತಕಗಳ ಜೊತೆಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕವೂ ಇರುತ್ತಿತ್ತು. ಮೇಲೆ ‘ಶ್ರೀ’, ಅದರ ಕೆಳಗೆ ಮದುವೆಯ ದಿನ, ಮುಂದೆ ಸಾಲುಸಾಲಾಗಿ ಹೆಸರು, ಊರು, ಮೊತ್ತ. ಅದು ಮುಯ್ಯಿಯ ಪುಸ್ತಕ. ಇಂದು ನಮ್ಮ ಮನೆಗೆ ಹನ್ನೊಂದು ರೂಪಾಯಿ ಮುಯ್ಯಿ ಮಾಡಿದವರ ಮನೆಯಲ್ಲಿ ನಾಳೆ ಶುಭಕಾರ್ಯ ನಡೆದರೆ ಅದಕ್ಕೆ ಕಡಿಮೆಯಾಗದಂತೆ ನಾವು ಹಿಂದಿರುಗಿಸಬೇಕು. ‘ಮುಯ್ಯಿಗೆ ಮುಯ್ಯಿ’ ಎಂಬ ಮಾತಿನಲ್ಲಿ ಇಂದು ಸೇಡಿನ ಅರ್ಥವೇ ಮುಂದಾಗಿದ್ದರೂ, ಅದರ ಒಡಲಲ್ಲಿರುವುದು ಪಡೆದದ್ದನ್ನು ಮರೆಯದಿರುವ ಕಟ್ಟುಪಾಡು.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಪದ್ಧತಿಯ ಬಂಧುಗಳು ಎಲ್ಲೆಡೆ ಎದುರಾಗುತ್ತಾರೆ. ಚೆನ್ನೈಯವರಿಗೆ ತಮಿಳರ ‘ಮೊಯ್’ ಗೊತ್ತು. ಅಲ್ಲಿಯೂ ಪುಸ್ತಕ, ಅಲ್ಲಿಯೂ ಲೆಕ್ಕ. ಹೈದರಾಬಾದಿನವರು ‘ಚದಿವಿಂಪು’ಗಳನ್ನು ಕೇಳಿರುತ್ತಾರೆ, ಯಾರು ಏನು ಕೊಟ್ಟರೆಂಬುದನ್ನು ಸಭೆಯಲ್ಲಿ ಓದಿ ಹೇಳುವುದರಿಂದ ಬಂದ ಹೆಸರು ಅದು. ಮುಂಬಯಿ, ಪುಣೆಗಳ ಲಗ್ನಪತ್ರಿಕೆಗಳಲ್ಲಿ ‘ಆಹೇರ್ ತರಬಾರದು’ ಎಂಬ ಸೂಚನೆಯನ್ನು ನಾವು ಓದುತ್ತೇವೆ. ದೆಹಲಿಯವರು ಒಂದು ರೂಪಾಯಿಯ ನಾಣ್ಯ ಅಂಟಿಸಿದ ‘ಶಗುನ್’ ಲಕೋಟೆಯನ್ನು ಬಲ್ಲರು.

ಈ ಲೆಕ್ಕವನ್ನು ಜಿಪುಣತನವೆಂದು ನಗುವುದು ಸುಲಭ. ಆದರೆ ಬ್ಯಾಂಕು ಹತ್ತಿರವಿಲ್ಲದ, ಬಡ್ಡಿಯ ಸಾಹುಕಾರ ಮಾತ್ರ ಹತ್ತಿರವಿದ್ದ ಕಾಲದಲ್ಲಿ, ಒಂದು ಮದುವೆಯ ಭಾರವನ್ನು ಇಡೀ ಊರು ಬಡ್ಡಿಯಿಲ್ಲದೆ ಹಂಚಿಕೊಳ್ಳುತ್ತಿದ್ದುದು ಇದರಿಂದಲೇ. ಮುಯ್ಯಿಯ ಕೊರತೆ ಇರುವುದು ಬೇರೆ ಕಡೆ. ಆ ಪುಸ್ತಕದಲ್ಲಿ ಕೊಟ್ಟವರ ಹೆಸರಿದೆ. ತೀರಿಸಬೇಕಾದ ಮನೆಯೂ ಗೊತ್ತಿದೆ. ಯಾರ ಮದುವೆಯ ನೆಪದಲ್ಲಿ ಇಷ್ಟೆಲ್ಲ ಬಂದಿತೋ ಆ ಹುಡುಗಿಗೆ ಮಾತ್ರ ಅದರ ಒಂದು ಸಾಲಿನ ಮೇಲೂ ಹಕ್ಕಿಲ್ಲ. ಮುಯ್ಯಿ ಮನೆಯಿಂದ ಮನೆಗೆ ಹೋಗುತ್ತದೆಯೇ ಹೊರತು ಮನುಷ್ಯರ ಕೈಗೆ ಬರುವುದಿಲ್ಲ.

ಕೊಟ್ಟದ್ದು ಯಾರದು ಎಂಬ ಪ್ರಶ್ನೆಯನ್ನು ಬಹು ಹಿಂದೆಯೇ ಗಂಭೀರವಾಗಿ ಎತ್ತಿಕೊಂಡವರಲ್ಲಿ ಒಬ್ಬರು ಕನ್ನಡ ನಾಡಿನ ರಾಜಧಾನಿಯಲ್ಲಿಯೇ ಇದ್ದರು. ಹೈದರಾಬಾದಿನಿಂದ ಮುಂಬಯಿಗೆ ಬರುವ ಹೆದ್ದಾರಿ ಬಸವಕಲ್ಯಾಣದ ಸಮೀಪವೇ ಹಾಯುತ್ತದೆ. ಅದು ಚಾಳುಕ್ಯರ ಕಲ್ಯಾಣ. ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’.

ಮನು ಸ್ತ್ರೀಧನವನ್ನು ಆರು ಬಗೆಯೆಂದು ಎಣಿಸಿದ್ದನು: ಅಗ್ನಿಸಾಕ್ಷಿಯಾಗಿ ಕೊಟ್ಟದ್ದು, ಗಂಡನ ಮನೆಗೆ ಹೊರಟಾಗ ಕೊಟ್ಟದ್ದು, ಪ್ರೀತಿಯಿಂದ ಕೊಟ್ಟದ್ದು, ಮತ್ತು ತಾಯಿ, ತಂದೆ, ಸೋದರರಿಂದ ಬಂದದ್ದು. ಒಂದು ರೀತಿಯಲ್ಲಿ ಇದು ಮದುವೆಯ ಉಡುಗೊರೆಗಳ ಪಟ್ಟಿಯೇ. ಯಾಜ್ಞವಲ್ಕ್ಯನೂ ಇಂಥ ಪಟ್ಟಿಯನ್ನೇ ಕೊಟ್ಟನು. ಆದರೆ ಕೊನೆಯಲ್ಲಿ ‘ಆದ್ಯ’, ಅಂದರೆ ‘ಮೊದಲಾದವು’, ಎಂಬ ಮಾತನ್ನು ಸೇರಿಸಿದನು. ವಿಜ್ಞಾನೇಶ್ವರನು ಆ ಪುಟ್ಟ ಮಾತನ್ನು ಹಿಡಿದು ನಿಂತನು. ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದೊರೆತದ್ದು, ಸಿಕ್ಕಿದ್ದು, ಎಲ್ಲವೂ ಅದರಲ್ಲಿ ಅಡಕವೆಂದನು. ಸ್ತ್ರೀಧನವೆಂಬುದು ಶಾಸ್ತ್ರದ ಇಕ್ಕಟ್ಟಾದ ಪರಿಭಾಷೆಯಲ್ಲ, ಪದದ ಅರ್ಥವೇ ಅದರ ಅರ್ಥ. ಹೆಣ್ಣಿನ ಧನವೆಲ್ಲ ಸ್ತ್ರೀಧನ ಎಂಬುದು ಆತನ ನಿಲುವು. ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ, ಇಂಥ ಸಂಕಟಗಳಲ್ಲಿ ತೆಗೆದುಕೊಂಡದ್ದನ್ನು ಮಾತ್ರ ಗಂಡನು ಹಿಂದಿರುಗಿಸಬೇಕಾಗಿಲ್ಲ ಎಂಬ ನಿಯಮವೂ ಅಲ್ಲಿದೆ. ಉಳಿದ ದಿನಗಳಲ್ಲಿ ಅದು ಅವನದಲ್ಲವೆಂಬುದೇ ಅದರ ತಾತ್ಪರ್ಯ.

1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯಭಾಗದ ಪ್ರಕರಣವನ್ನು ಕಲ್ಕತ್ತೆಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ, ಬಂಗಾಳವನ್ನು ಬಿಟ್ಟು ದೇಶದ ಬಹುಭಾಗದ ನ್ಯಾಯಾಲಯಗಳಿಗೆ ಕಲ್ಯಾಣದ ಈ ಗ್ರಂಥವೇ ಆಧಾರವಾಯಿತು. ಆದರೆ ಗ್ರಂಥವನ್ನು ಒಪ್ಪಿಕೊಂಡವರು ಅದರ ಔದಾರ್ಯವನ್ನು ಒಪ್ಪಲಿಲ್ಲ. 1867ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ವಿಧವೆಗೆ ಗಂಡನಿಂದ ಬಂದ ಆಸ್ತಿ ಸ್ತ್ರೀಧನವಲ್ಲವೆಂದು ತೀರ್ಮಾನಿಸಿತು. 1912ರಲ್ಲಿ ಪಾಲಿನಲ್ಲಿ ಬಂದದ್ದನ್ನೂ ಹೊರಗಿಟ್ಟಿತು. ಮುಂಬಯಿ ಪ್ರಾಂತದಲ್ಲಿ ಮಾತ್ರ ತಂದೆಯಿಂದ ಬಂದ ಆಸ್ತಿಗೆ ಮಗಳು ಪೂರ್ಣ ಒಡತಿಯಾಗಿ ಉಳಿದಳು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳಿಗೆಂದೇ ಕಾನೂನು ಮಾಡಿತು. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮು ಹೆಣ್ಣನ್ನು ತನ್ನ ಸ್ವತ್ತಿನ ಪೂರ್ಣ ಒಡತಿಯನ್ನಾಗಿಸಿತು. ಆ ಕಲಮಿನ ವಿವರಣೆಯನ್ನು ಓದಿದರೆ ಬೆರಗಾಗುತ್ತದೆ: ಉತ್ತರಾಧಿಕಾರ, ಪಾಲು, ಉಡುಗೊರೆ, ಖರೀದಿ, ಕೊನೆಗೆ ‘ಬೇರಾವುದೇ ರೀತಿಯಲ್ಲಿ’ ಬಂದದ್ದು. ಕಲ್ಯಾಣದ ‘ಮೊದಲಾದವು’ ಎಂಟು ಶತಮಾನಗಳ ಸುತ್ತು ಹಾಕಿ ಮರಳಿ ಬಂದಂತಿದೆ.

1985ರಲ್ಲಿ ಮತ್ತೆರಡು ಸಂಗತಿಗಳು ನಡೆದವು. ಸ್ತ್ರೀಧನ ಗಂಡನ ವಶದಲ್ಲಿದ್ದರೂ ಅದು ನಂಬಿ ಒಪ್ಪಿಸಿದ ಸ್ವತ್ತು, ಕೇಳಿದಾಗ ಕೊಡದಿರುವುದು ನಂಬಿಕೆದ್ರೋಹದ ಅಪರಾಧ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದೇ ವರ್ಷ, ವರದಕ್ಷಿಣೆ ನಿಷೇಧ ಕಾಯ್ದೆಯಡಿ ಬಂದ ನಿಯಮಗಳು ವಧುವಿಗೆ ಬಂದ ಉಡುಗೊರೆಗಳಿಗೆ ಒಂದು, ವರನಿಗೆ ಬಂದವಕ್ಕೆ ಇನ್ನೊಂದು, ಹೀಗೆ ಬೇರೆ ಬೇರೆ ಪಟ್ಟಿಗಳನ್ನು ಬರೆದು ಸಹಿ ಮಾಡಿಡಬೇಕೆಂದವು. ಮುಯ್ಯಿಯ ಪುಸ್ತಕದಲ್ಲಿಲ್ಲದ ಹೆಸರಿಗೆ ಕಾನೂನು ಒಂದು ಪುಟವನ್ನು ತೆರೆಯಿತು. ಆ ಪುಟವನ್ನು ಬರೆದಿಟ್ಟ ಮನೆಗಳನ್ನು ಮಾತ್ರ ನಾವು ಕಂಡದ್ದು ಅಪರೂಪ. ಮಂಗಳಕಾರ್ಯದ ನಡುವೆ ಪಟ್ಟಿಯ ಮಾತೆತ್ತುವುದು ಅಪಶಕುನವೆಂದು ಹಿಂಜರಿಯುತ್ತೇವೆ. ಅದೇ ಹೊತ್ತಿಗೆ ಬಾಗಿಲಲ್ಲಿ ಲಕೋಟೆಗಳ ಲೆಕ್ಕ ನಡೆದಿರುತ್ತದೆ.

ಆದ್ದರಿಂದ ಮದುವೆಗೆ ಏನು ಕೊಡೋಣ ಎಂಬ ನಮ್ಮ ಪ್ರತಿ ವರ್ಷದ ಚರ್ಚೆಯಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದದ್ದು, ಇದು ಯಾರ ಕೈ ಸೇರುತ್ತದೆ ಎಂಬುದು. ನಮ್ಮ ಹಿರಿಯರಿಗೆ ಈ ವಿವೇಕವಿರಲಿಲ್ಲವೆಂದಲ್ಲ. ‘ಅರಿಸಿನ ಕುಂಕುಮಕ್ಕೆ’ ಎಂದು ಮಗಳಿಗೆ ಹೊಲದ ತುಂಡೊಂದನ್ನು ಬರೆದುಕೊಡುತ್ತಿದ್ದವರು ಹೆಸರಿಟ್ಟೇ ಕೊಡುತ್ತಿದ್ದರು. ಕಳಸ ಹಿಡಿದು ನಿಂತ ಕಳಸಗಿತ್ತಿಯನ್ನೂ ಮರೆಯದೆ ಅವಳ ಕೈಗೇ ಉಡುಗೊರೆ ಕೊಡುವುದು ಅದೇ ವಿವೇಕದ ಸಣ್ಣ ರೂಪ. ಇಂದು ಅದು ಹುಡುಗಿಯ ಹೆಸರಿನ ಠೇವಣಿಯಾಗಬಹುದು, ಅವಳ ಕಸುಬಿಗೆ ಬೇಕಾದ ಸಾಧನವಾಗಬಹುದು, ಇಬ್ಬರಿಗೂ ಸೇರಿದ್ದಾದರೆ ಇಬ್ಬರ ಹೆಸರನ್ನೂ ಬರೆದ ಪುಸ್ತಕಗಳ ಕಟ್ಟಾಗಬಹುದು.

ಮುಯ್ಯಿಯ ಪುಸ್ತಕವನ್ನು ನಾವು ಸುಡಬೇಕಾಗಿಲ್ಲ. ಮುಂದಿನ ಮದುವೆಯಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನಿಟ್ಟು, ಮೊದಲ ಸಾಲಿನಲ್ಲಿ ಮದುಮಗಳ ಹೆಸರನ್ನು ಬರೆದರೆ ಸಾಕು.