ಡಾಲ್ಫಿನ್: ಫೈಬರ್‌ಗ್ಲಾಸ್ ಬಾಡಿಯ ಬೆಂಗಳೂರು ಕಾರು

ಬೆಂಗಳೂರಿನ ಸಿಪಾನಿ ಸಂಸ್ಥೆ 1982ರಲ್ಲಿ ಹೊರತಂದ ಡಾಲ್ಫಿನ್, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಭಾರತೀಯ ರೂಪ. 848 ಸಿಸಿ ಎಂಜಿನ್, ಉಕ್ಕಿನ ಚಾಸಿ, ಅದರ ಮೇಲೆ ಫೈಬರ್‌ಗ್ಲಾಸ್ ಬಾಡಿ. ಹಗುರವಾದ್ದರಿಂದ ರೇಸ್, ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1983ರ ಕೊನೆಗೆ ಬಂದ ಮಾರುತಿ 800ರ ಎದುರು ಮಾರಾಟದಲ್ಲಿ ಮಾತ್ರ ನಿಲ್ಲಲಿಲ್ಲ. ಫೈಬರ್‌ಗ್ಲಾಸ್ ಬಾಡಿ ಆಗ ಹೊಸದೇನಲ್ಲ; ಅಮೆರಿಕದ ಕಾರ್ವೆಟ್ ಸ್ಪೋರ್ಟ್ಸ್ ಕಾರು 1953ರಲ್ಲೇ ಇದೇ ವಸ್ತುವಿನ ಮೈ ತಳೆದಿತ್ತು. ತಗಡು ಒತ್ತುವ ದುಬಾರಿ ಡೈಗಳು ಬೇಕಿಲ್ಲದ್ದರಿಂದ ಸಣ್ಣ ತಯಾರಕರಿಗೆ ಇದು ಒಗ್ಗುತ್ತಿತ್ತು.

ಇಂಥ ಬಾಡಿಯ ಪ್ಯಾನೆಲ್ ಮಾಡುವುದು ಹೀಗೆ: ಅಚ್ಚಿಗೆ ಮೇಣ ಸವರಿ, ಹೊರಮೈ ಪದರವಾಗುವ ಜೆಲ್‌ಕೋಟ್ ಬಳಿದು, ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಉಣಿಸಿ, ರೋಲರ್‌ನಿಂದ ಗಾಳಿಗುಳ್ಳೆ ಹೊರಡಿಸಿದರೆ ಪ್ಯಾನೆಲ್ ಸಿದ್ಧ. ಕಷ್ಟವಿರುವುದು ಕೂರಿಸುವುದರಲ್ಲಿ. ಕೈಯಿಂದ ಮಾಡಿದ ಎರಡು ಪ್ಯಾನೆಲ್‌ಗಳು ತದ್ರೂಪವಾಗಿರುವುದಿಲ್ಲ. ಆದ್ದರಿಂದ ಬಣ್ಣಕ್ಕೆ ಮುನ್ನವೇ ಬಾಗಿಲು, ಬಾನೆಟ್ ಎಲ್ಲವನ್ನೂ ಒಮ್ಮೆ ಜೋಡಿಸಿ, ಸಂದು ಸಮನಾಗುವವರೆಗೆ ಅಂಚು ಉಜ್ಜಬೇಕು; ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಕಡ್ಡಾಯ. ಬೋಲ್ಟಿನ ತೂತು ತುಸು ದೊಡ್ಡದಿರಬೇಕು, ಕೆಳಗೆ ಅಗಲ ವಾಷರ್, ಚಾಸಿಯ ನಡುವೆ ರಬ್ಬರ್ ಪ್ಯಾಡ್. ಬಿಗಿ ಹೆಚ್ಚಾದರೆ ಜೆಲ್‌ಕೋಟ್‌ನಲ್ಲಿ ನಕ್ಷತ್ರದಂತೆ ಬಿರುಕು ಹರಡುತ್ತದೆ. ಅಂಟಿಸುವ ಕಡೆ ಮೈ ಒರಟುಮಾಡದಿದ್ದರೆ ರೆಸಿನ್ ಹಿಡಿಯದು.

ಫೈಬರ್‌ಗ್ಲಾಸ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ. ಹೀಗಾಗಿ ದೀಪ, ಹಾರ್ನ್‌ಗಳಿಗೆ ಚಾಸಿಯಿಂದಲೇ ಅರ್ತ್ ತಂತಿ ಎಳೆಯಬೇಕಾಗುತ್ತದೆ. ಬಾಡಿಗೆ ತುಕ್ಕಿಲ್ಲ ನಿಜ, ಚಾಸಿಗೆ ಉಂಟು. ಹಳೆಯ ಡಾಲ್ಫಿನ್ ದುರಸ್ತಿಗೆ ಬಂದರೆ ಹೊಳೆಯುವ ಮೈಯ ಅಡಿಯಲ್ಲಿರುವ ಚಾಸಿಯನ್ನೇ ಮೊದಲು ಪರೀಕ್ಷಿಸಬೇಕು.