ಚೆಲುವಾಂಬ ಮ್ಯಾನ್ಶನ್ನಿನ ಅನ್ನವಿದ್ಯೆ

ಹಳೆಯ ವಿದ್ಯಾರ್ಥಿಗಳ ಸ್ಮರಣ ಸಂಚಿಕೆಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಆರಂಭದ ದಿನಗಳ ಬಗ್ಗೆ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದ್ದಾರೆ. ಬರೆಯುವುದಾದರೆ ಡಾ. ವಿ. ಸುಬ್ರಹ್ಮಣ್ಯನ್ ಅವರಿಂದಲೇ ಶುರುಮಾಡಬೇಕು. ನಾನು ಅವರನ್ನು ಕಂಡವಳಲ್ಲ. ಅವರ ಕೈಕೆಳಗೆ ಪಳಗಿದವರಿಂದ ಕಲಿತವಳು.

ಸ್ವಾತಂತ್ರ್ಯ ಬಂದ ಹೊಸತು. ಊರೂರಲ್ಲಿ ರೇಷನ್ನಿನ ಕಾಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಜೀವರಸಾಯನ ವಿಭಾಗದಲ್ಲಿದ್ದ ಸುಬ್ರಹ್ಮಣ್ಯನ್ ಹೊಸ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಮೈಸೂರಿಗೆ ಬಂದರು. ರಾಜಕುಮಾರಿಗಾಗಿ ಕಟ್ಟಿಸಿದ್ದ ಚೆಲುವಾಂಬ ಮ್ಯಾನ್ಶನ್ನಿನಲ್ಲಿ 1950ರ ಅಕ್ಟೋಬರ್ 21ರಂದು ಸಿಎಫ್‌ಟಿಆರ್‌ಐ ಬಾಗಿಲು ತೆರೆಯಿತು. ದರ್ಬಾರಿನ ವೈಭವಕ್ಕೆಂದು ಎದ್ದ ಮನೆಯೊಳಗೆ ಕಡಲೆಕಾಯಿ ಹಿಂಡಿಯ ಚರ್ಚೆ! ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ, ಜೀವಸತ್ವ ಸೇರಿಸಿ, ಬಡವರಿಗೆ ಕೈಗೆಟುಕುವ ಪ್ರೋಟೀನ್ ಕೊಡುವ ಬಹೂಪಯೋಗಿ ಆಹಾರ ರೂಪುಗೊಂಡದ್ದು ಇಲ್ಲಿಯೇ. ಎಮ್ಮೆ ಹಾಲು ಹಸುಗೂಸಿಗೆ ಒಗ್ಗದು ಎಂಬ ಮಾತನ್ನು ಒರೆಗೆ ಹಚ್ಚಿ, ಅದರಿಂದಲೇ ಶಿಶು ಆಹಾರ ಮಾಡಿ ತೋರಿಸಿದರು. ಅಮುಲ್ ಡಬ್ಬಿಯ ಹಿಂದಿನ ವಿದ್ಯೆ ಮೈಸೂರಿನದು ಎಂಬುದು ನಮ್ಮೂರಲ್ಲೇ ಎಷ್ಟೋ ಜನರಿಗೆ ತಿಳಿಯದು.

ಇದೇ ಸಂಸ್ಥೆಯ ವಿಜ್ಞಾನಿ ಡಾ. ಎಂ. ಸ್ವಾಮಿನಾಥನ್ ಅವರಿಗೆ ನಮ್ಮ ಋಣ ಬೇರೆಯೇ ಇದೆ. ಪೋಷಣೆಯ ಬಗ್ಗೆ ಅವರು ಬರೆದ ಪಠ್ಯಪುಸ್ತಕಗಳನ್ನು ಓದದೆ ಗೃಹವಿಜ್ಞಾನದ ಪದವಿ ಮುಗಿಸಿದವರು ನನ್ನ ಪೀಳಿಗೆಯಲ್ಲಿ ಸಿಗುವುದು ಕಷ್ಟ.

1964ರಲ್ಲಿ, ಡಾ. ಎಚ್.ಎ.ಬಿ. ಪಾರ್ಪಿಯಾ ನಿರ್ದೇಶಕರಾಗಿದ್ದಾಗ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಅಂತರರಾಷ್ಟ್ರೀಯ ತರಬೇತಿ ಕೇಂದ್ರ ಬಂತು. ಪದವಿ ಮೈಸೂರು ವಿಶ್ವವಿದ್ಯಾಲಯದ್ದು, ಪ್ರಯೋಗಶಾಲೆ ಸಂಸ್ಥೆಯದ್ದು. ಏಷ್ಯಾ, ಆಫ್ರಿಕಾಗಳ ವಿದ್ಯಾರ್ಥಿಗಳು ಬಂದು ಓದಿದರು. ತಂತ್ರಜ್ಞಾನ ಮುಖ್ಯವೋ ಪೋಷಣೆ ಮುಖ್ಯವೋ ಎಂದು ನಮ್ಮಲ್ಲಿ ಎರಡು ಪಕ್ಷಗಳಿದ್ದವು, ಒಂದಷ್ಟು ದಿನ ಮಾತು ಬಿಟ್ಟದ್ದೂ ಉಂಟು. ಎರಡೂ ಕಡೆಯವರು ಈಗ ಹಿರಿಯರಾಗಿದ್ದಾರೆ. ಅದನ್ನು ಇಲ್ಲಿ ಕೆದಕುವುದು ಬೇಡ.

ನನಗೆ ಹೆಚ್ಚು ಹೇಳಬೇಕೆನಿಸುವುದು ರಾಗಿಯ ವಿಷಯ. ಕೂಸಿಗೆ ರಾಗಿ ಸರಿ ಗಟ್ಟಿಯಾದರೆ ನುಂಗಲಾಗದು; ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುವುದು ನೀರಿನಿಂದ. ಸಂಸ್ಥೆಯ ಡಾ. ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಡಾ. ಎನ್.ಜಿ. ಮಲ್ಲೇಶಿ ಮೊಳಕೆ ಬರಿಸಿದ ರಾಗಿಯಲ್ಲಿ ಇದಕ್ಕೆ ಉತ್ತರ ಹುಡುಕಿದರು. ಮೊಳೆಯುವಾಗ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ತೆಳುವಾಗಿಯೇ ಉಳಿಯುತ್ತದೆ. ಮೊಳಕೆ ಹೆಸರುಕಾಳಿನ ಹಿಟ್ಟು ಬೆರೆಸಿದರೆ ಪ್ರೋಟೀನೂ ಸಿಕ್ಕಿತು. ಒದ್ದೆ ಬಟ್ಟೆಯ ಮೇಲೆ ಹರಡಿದ ರಾಗಿಯಲ್ಲಿ ಬಿಳಿ ಬೇರು ಇಣುಕುವುದು, ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಆ ಬೇರನ್ನು ತೂರುವುದು, ಹುರಿಯುವಾಗ ಏಳುವ ಪರಿಮಳ, ಇವೆಲ್ಲ ನಾನು ಕೈಯಾರೆ ಮಾಡಿ ಅನುಭವಿಸಿದವು. ಒಂದೇ ಅಳತೆಯ ಹಿಟ್ಟಿನಿಂದ ಮಾಡಿದ ಎರಡು ಬಟ್ಟಲು ಗಂಜಿಯನ್ನು ಓರೆಮಾಡಿದರೆ ಸಾದಾ ರಾಗಿಯದು ಮುದ್ದೆಯಾಗಿ ಅಲ್ಲಾಡದು, ಮೊಳಕೆ ರಾಗಿಯದು ಸರಾಗ ಹರಿಯುತ್ತದೆ. ಅಜ್ಜಿಯರು ಬಲ್ಲ ಕೆಲಸಕ್ಕೆ ಕಾರಣವನ್ನೂ ಅಳತೆಯನ್ನೂ ಕೊಟ್ಟ ಈ ಸಂಶೋಧನೆಗೆ ಸಂಸ್ಥೆಯ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಸಿಗಬೇಕು.

ಆಮೇಲಿನ ದಶಕಗಳಲ್ಲಿ ಕಟ್ಟಡ, ಯಂತ್ರ, ಕೋರ್ಸು ಎಲ್ಲವೂ ಬೆಳೆದವು. ಅವುಗಳ ವಿವರ ವಾರ್ಷಿಕ ವರದಿಗಳಲ್ಲಿದೆ. ವರದಿಗೆ ಸೇರದೆ ಉಳಿದವು ನಮ್ಮ ಮನೆಗಳ ಅಟ್ಟದಲ್ಲಿವೆ. ಆ ಕಾಲದ ಪ್ರಯೋಗದ ಪುಸ್ತಕ, ಫೋಟೊ, ಪತ್ರಗಳು ಇದ್ದವರು ದಯವಿಟ್ಟು ಸಮಿತಿಗೆ ತಲುಪಿಸಿ. ಫೋಟೊದ ಹಿಂಬದಿಯಲ್ಲಿ ಪ್ರಯೋಗಶಾಲೆಯ ಸಹಾಯಕರ ಹೆಸರನ್ನೂ ಬರೆಯಿರಿ.