ಬಲಿಪೀಠದ ಹೆಜ್ಜಾರ್ಲೆ: ಕತೆ, ಕಲೆ ಮತ್ತು ನಿಜವಾದ ಹಕ್ಕಿ

ಹಳೆಯ ದೇವಾಲಯಗಳಲ್ಲಿ ಪರಮಪ್ರಸಾದ ಪೆಟ್ಟಿಗೆಯ ಬಾಗಿಲಿನ ಮೇಲೆ, ಬಲಿಪೀಠದ ಮುಂಭಾಗದಲ್ಲಿ ಅಥವಾ ಧರ್ಮಗುರುಗಳ ಪೂಜಾವಸ್ತ್ರದ ಬೆನ್ನ ಮೇಲೆ ಒಂದು ಹಕ್ಕಿಯ ಚಿತ್ರವನ್ನು ನೀವು ನೋಡಿರಬಹುದು. ಗೂಡಿನಲ್ಲಿ ನಿಂತ ತಾಯಿಹಕ್ಕಿ ಕೊಕ್ಕಿನಿಂದ ತನ್ನ ಎದೆಯನ್ನೇ ಕುಕ್ಕುತ್ತಿರುತ್ತದೆ. ಕೆಳಗೆ ಮರಿಗಳು ಬಾಯ್ತೆರೆದಿರುತ್ತವೆ. ಇದು ಯಾವ ಹಕ್ಕಿ ಎಂದು ಕೇಳಿದರೆ ಹಂಸ, ಬಾತು ಎಂದೆಲ್ಲ ಉತ್ತರ ಬರುತ್ತದೆ. ಪವಿತ್ರಾತ್ಮರ ಪಾರಿವಾಳ ಎಂದವರನ್ನೂ ನಾವು ಬಲ್ಲೆವು. ಅದು ಪೆಲಿಕನ್, ಕನ್ನಡದಲ್ಲಿ ಹೆಜ್ಜಾರ್ಲೆ.

ಇದರ ಕತೆ ಬಹಳ ಹಳೆಯದು. ಕ್ರೈಸ್ತ ಧರ್ಮದ ಆರಂಭದ ಶತಮಾನಗಳಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ 'ಫಿಸಿಯೋಲೋಗಸ್' ಎಂಬ ಗ್ರಂಥದಲ್ಲಿ ಪ್ರಾಣಿಪಕ್ಷಿಗಳ ಗುಣಗಳಿಗೆ ಧಾರ್ಮಿಕ ಅರ್ಥ ಹೇಳಲಾಗಿದೆ. ಅದರ ಪ್ರಕಾರ ಬೆಳೆದ ಮರಿಗಳು ತಂದೆತಾಯಿಯ ಮುಖಕ್ಕೆ ಹೊಡೆಯುತ್ತವೆ, ಸಿಟ್ಟಿಗೆದ್ದ ತಂದೆತಾಯಿ ಅವುಗಳನ್ನು ಕೊಲ್ಲುತ್ತವೆ. ಮೂರು ದಿನ ದುಃಖಿಸಿದ ಬಳಿಕ ತಾಯಿ ತನ್ನ ಪಕ್ಕೆಯನ್ನು ತೆರೆದು ರಕ್ತ ಸುರಿಸಿದಾಗ ಮರಿಗಳು ಜೀವ ಪಡೆಯುತ್ತವೆ. ಮೂರನೆಯ ದಿನ, ತೆರೆದ ಪಕ್ಕೆ, ರಕ್ತ: ಇದರ ಅರ್ಥವನ್ನು ಕ್ರೈಸ್ತರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೋಪ ಮತ್ತು ಕೊಲೆ ಇಲ್ಲದೆ, ಬರಗಾಲದಲ್ಲಿ ತಾಯಿ ರಕ್ತವುಣಿಸಿ ಮರಿಗಳನ್ನು ಉಳಿಸುತ್ತದೆ ಎಂಬ ಮೃದುವಾದ ರೂಪವೇ ನಂತರ ಹೆಚ್ಚು ಪ್ರಚಾರವಾಯಿತು.

ಸಂತ ಅಗಸ್ಟೀನರು ಈ ಕತೆಯನ್ನು ಕಣ್ಣುಮುಚ್ಚಿ ನಂಬಲಿಲ್ಲ ಎಂಬುದು ಗಮನಾರ್ಹ. 102ನೇ ಕೀರ್ತನೆಯಲ್ಲಿ (ಲ್ಯಾಟಿನ್ ಬೈಬಲಿನಲ್ಲಿ 101) ಅಡವಿಯ ಒಂಟಿ ಹಕ್ಕಿಯೊಂದರ ಪ್ರಸ್ತಾಪವಿದೆ. ಅದನ್ನು ವಿವರಿಸುವಾಗ ಅವರು, ಈ ಕತೆ ನಿಜವಿರಲೂಬಹುದು, ಸುಳ್ಳಿರಲೂಬಹುದು, ಆದರೂ ಕ್ರಿಸ್ತರಿಗೆ ಅದು ಹೇಗೆ ಹೊಂದುತ್ತದೆಂದು ನೋಡಿ ಎಂಬರ್ಥದಲ್ಲಿ ಬರೆದರು. ಆ ಕೀರ್ತನೆಯ ಹೀಬ್ರೂ ಪದ ಯಾವ ಹಕ್ಕಿಯನ್ನು ಸೂಚಿಸುತ್ತದೆಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಂದಿನ ಹಲವು ಅನುವಾದಗಳಲ್ಲಿ ಅಲ್ಲಿ ಗೂಬೆ ಬಂದು ಕುಳಿತಿದೆ! ಅದೇ ಪದ ಯಾಜಕಕಾಂಡದ 11ನೇ ಅಧ್ಯಾಯದಲ್ಲಿ ಅಶುದ್ಧ ಪಕ್ಷಿಗಳ ಪಟ್ಟಿಯಲ್ಲಿಯೂ ಇದೆ.

13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರ ಹೆಸರಿನಲ್ಲಿರುವ 'ಆದೋರೋ ತೇ ದೆವೋತೇ' ಸ್ತುತಿಗೀತೆ ಯೇಸುಸ್ವಾಮಿಯನ್ನು ಪೆಲಿಕನ್ ಎಂದೇ ಸಂಬೋಧಿಸಿತು. ಪರಮಪ್ರಸಾದದ ಸಂಕೇತವಾಗಿ ಹಕ್ಕಿ ಗಟ್ಟಿಯಾಗಿ ನೆಲೆಯೂರಿತು. ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ ಫ್ರಾ ಆಂಜೆಲಿಕೊ 1441-42ರ ಸುಮಾರಿಗೆ ಬರೆದ ಶಿಲುಬೆಯ ದೊಡ್ಡ ಭಿತ್ತಿಚಿತ್ರದ ಅಂಚಿನಲ್ಲಿ, ಶಿಲುಬೆಯ ನೇರ ಮೇಲೆ, ಪೆಲಿಕನ್ ಇದೆ. ಪೋರ್ಚುಗಲಿನ ದೊರೆ ಎರಡನೆಯ ಜೊವಾಂವ್ (ಆಳ್ವಿಕೆ 1481-1495) ಇದನ್ನು ತನ್ನ ಲಾಂಛನ ಮಾಡಿಕೊಂಡ. ಪ್ರೊಟೆಸ್ಟೆಂಟ್ ರಾಣಿ ಒಂದನೇ ಎಲಿಜಬೆತ್ ಕೂಡ ಪೆಲಿಕನ್ ಆಭರಣ ಧರಿಸಿ ಚಿತ್ರ ಬರೆಸಿಕೊಂಡಳು. ನಮಗೆ ಹತ್ತಿರದ ಉದಾಹರಣೆ ಹಳೆ ಗೋವಾದಲ್ಲಿದೆ: ಸಾಂತಾ ಮೋನಿಕಾ ಕಾನ್ವೆಂಟಿನ ಕ್ರೈಸ್ತ ಕಲಾ ಸಂಗ್ರಹಾಲಯದಲ್ಲಿ ಪರಮಪ್ರಸಾದವನ್ನು ಇಡಲು ಮಾಡಿದ, ಪೆಲಿಕನ್ ಹಕ್ಕಿಯಿರುವ 17ನೇ ಶತಮಾನದ ಕಲಾಕೃತಿಯನ್ನು ನೋಡಬಹುದು. ಗೋವಾ ಯಾತ್ರೆಗೆ ಹೋಗುವವರು ಬೋಮ್ ಜೆಸುಸ್ ಬಸಿಲಿಕಾದಿಂದಲೇ ಹಿಂದಿರುಗದೆ ಅಲ್ಲಿಗೂ ಒಂದು ಗಂಟೆ ಕೊಡಲಿ.

ಯುರೋಪಿನ ಅನೇಕ ಕಲಾವಿದರು ಈ ಹಕ್ಕಿಯನ್ನು ಕಂಡವರೇ ಅಲ್ಲ. ಆದ್ದರಿಂದ ಅವರ ಕೈಯಲ್ಲಿ ಅದು ಹದ್ದಿನಂತೆ, ಹಂಸದಂತೆ ಮೂಡಿತು. ಚೀಲವಿರುವ ಉದ್ದ ಕೊಕ್ಕು ಮಾಯವಾಯಿತು. ನಮ್ಮವರ ಗೊಂದಲಕ್ಕೆ ಇದೇ ಕಾರಣ.

ನಿಜವಾದ ಹೆಜ್ಜಾರ್ಲೆ ಎದೆ ಬಗೆಯುವುದಿಲ್ಲ. ಅದರ ಕೊಕ್ಕಿನ ಕೆಳಗಿರುವ ಚರ್ಮದ ಚೀಲವೇ ಮೀನು ಹಿಡಿಯುವ ಬಲೆ. ನುಂಗಿ ತಂದ ಮೀನನ್ನು ತಾಯಿ ಅಥವಾ ತಂದೆ ಕಕ್ಕಿ ಕೊಡುತ್ತದೆ. ಬೆಳೆದ ಮರಿ ತನ್ನ ತಲೆಯನ್ನೇ ಆ ಗಂಟಲೊಳಗೆ ತೂರಿಸಿ ತಿನ್ನುತ್ತದೆ. ಹಕ್ಕಿ ಕೊಕ್ಕನ್ನು ಎದೆಗೊತ್ತಿ ಕೂರುವ ಭಂಗಿ, ಡಾಲ್ಮೇಷಿಯನ್ ಎಂಬ ಜಾತಿಗೆ ಸಂತಾನಕಾಲದಲ್ಲಿ ಬರುವ ಕೆಂಪು ಚೀಲ, ಇವುಗಳಿಂದ ಕತೆ ಹುಟ್ಟಿರಬಹುದೆಂಬ ಊಹೆಯಿದೆ.

ಇದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆಗಳು ಬಣ್ಣದ ಕೊಕ್ಕರೆಗಳ ಜೊತೆ ಮನೆಗಳ ನಡುವಿನ ಹುಣಸೆ, ಆಲದ ಜಾತಿಯ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹಕ್ಕಿ ಕೂತ ಮರದ ಹುಣಸೆ ಫಸಲು ರೈತನ ಕೈಗೆ ಸಿಗುವುದು ಕಷ್ಟ. ಹಿಕ್ಕೆ ಮಾತ್ರ ಹೊಲಕ್ಕೆ ಗೊಬ್ಬರ. ಆದರೂ ಊರವರು ಅವನ್ನು ಓಡಿಸದೆ ಕಾಪಾಡಿಕೊಂಡು ಬಂದರು. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕಲು ಅಲ್ಲಿಯ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. 2007ರಲ್ಲಿ ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 1940ರಿಂದ ಪಕ್ಷಿಧಾಮವಾಗಿರುವ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿಯೂ ಇವು ಕಾಣುತ್ತವೆ. ಚಳಿಗಾಲದಿಂದ ಬೇಸಿಗೆಯವರೆಗೆ ಮರಿ ಮಾಡುವ ಕಾಲ.

ಅಮೆರಿಕದ ಲೂಸಿಯಾನ ರಾಜ್ಯದ ಕತೆ ಬೇರೆ. ಎದೆ ಕುಕ್ಕುವ ಪೆಲಿಕನ್ ಅದರ ಬಾವುಟದಲ್ಲಿದೆ. ಮೂರು ಹನಿ ರಕ್ತ ಕಡ್ಡಾಯವೆಂದು 2006ರಲ್ಲಿ ಕಾನೂನನ್ನೇ ಮಾಡಿದರು. ಆದರೆ ಕೀಟನಾಶಕಗಳ ದೆಸೆಯಿಂದ 1960ರ ದಶಕದಲ್ಲಿ ಆ ರಾಜ್ಯದಲ್ಲಿ ಕಂದು ಪೆಲಿಕನ್‌ಗಳೇ ಇಲ್ಲವಾದವು. 1968ರಿಂದ ಫ್ಲೋರಿಡಾದಿಂದ ಮರಿಗಳನ್ನು ತಂದು ಬಿಡಬೇಕಾಯಿತು.

ಕ್ರೈಸ್ತ ಶಿಕ್ಷಣ ನೀಡುವವರಲ್ಲಿ ನಮ್ಮ ವಿನಂತಿ ಒಂದೇ. ಮಕ್ಕಳಿಗೆ ಈ ಕತೆಯನ್ನು ಹೇಳಿ, ಆದರೆ ಹಕ್ಕಿ ನಿಜವಾಗಿಯೂ ಹೀಗೆ ಮಾಡುತ್ತದೆ ಎನ್ನಬೇಡಿ. ಶಾಲೆಯಲ್ಲಿ ಜೀವಶಾಸ್ತ್ರ ಓದಿದ ಮಗು ನಾಳೆ ಕತೆಯ ಜೊತೆಗೆ ಪರಮಪ್ರಸಾದವನ್ನೂ ಕಟ್ಟುಕತೆ ಎಂದುಕೊಂಡೀತು. ದೇವಾಲಯ ನವೀಕರಣದ ಹೊಣೆ ಹೊತ್ತವರಿಗೂ ಒಂದು ಮಾತು: ಹಳೆಯ ಮರದ ಬಲಿಪೀಠವನ್ನು ಬಿಚ್ಚುವ ಮೊದಲು, ಬಣ್ಣ ಬಳಿಯುವ ಮೊದಲು, ಕಪಾಟಿನಲ್ಲಿರುವ ಜೀರ್ಣ ಪೂಜಾವಸ್ತ್ರವನ್ನು ಹೊರಗೆ ಹಾಕುವ ಮೊದಲು ಅದರಲ್ಲಿ ಗೂಡು, ಬಾಗಿದ ಕೊರಳು ಮತ್ತು ಮರಿಗಳು ಇವೆಯೇ ಎಂದು ನೋಡಿ. ಮರಿಗಳು ಸಾಮಾನ್ಯವಾಗಿ ಮೂರು ಇರುತ್ತವೆ. ಇದ್ದರೆ ಒಂದು ಫೋಟೋ ತೆಗೆದು, ಎಲ್ಲಿತ್ತು ಎಂದು ಬರೆದು, ಧರ್ಮಕೇಂದ್ರದ ಕಡತದಲ್ಲಿ ಸೇರಿಸಿಡಿ.